ಪರ್ಸಿ ಕಲ್ಲಿನ ನಾಡಿನಿಂದ ಹಿಮದ ಇಳಿಜಾರಿಗೆ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಹೊಲದಿಂದ ಮನೆಗೆ ಬರುವ ಹೊತ್ತಿಗೆ ನಮ್ಮ ಕಡೆ ಈಚೆಗೆ ಹೊಸ ಮಾತೊಂದು ಕೇಳಿಬರುತ್ತದೆ. ಕೆನಡಾದಲ್ಲಿ ಕೆಲಸಕ್ಕಿರುವ ಸೇಡಂನ ಹುಡುಗನನ್ನು ಆಫೀಸಿನ ಗೆಳೆಯರು ‘ಸ್ನೋಕ್ಯಾಟ್ ಸ್ಕೀಯಿಂಗ್‌ಗೆ ಬಾ’ ಎಂದು ಕರೆದಿದ್ದಾರೆ. ಚಿತ್ತಾಪುರದ ಹೊಸ ದಂಪತಿ ಕಾಶ್ಮೀರದ ಗುಲ್ಮರ್ಗ್‌ಗೆ ಟಿಕೆಟ್ ತೆಗೆಸಿದ್ದಾರೆ. ವಾಡಿಯ ನಾಲ್ಕು ಹುಡುಗರು ದುಡ್ಡು ಕೂಡಿಸುತ್ತಿದ್ದಾರೆ. ಎಲ್ಲರ ಮನೆಯಲ್ಲೂ ಹಿರಿಯರ ಪ್ರಶ್ನೆ ಒಂದೇ: ‘ಹುಟ್ಟಿದಾಗಿಂದ ಬಿಸಿಲು ಬಿಟ್ಟು ಬೇರೆ ಕಂಡಿಲ್ಲ. ಆ ಬರ್ಫದಾಗ ಹೋಗಿ ಏನ್ ಮಾಡ್ತೀರಿ?’

ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನವರಿಗೆ ಹಿಮದ ಅಂಜಿಕೆ ಸಹಜ. ಆದರೂ ನೀವು ಹೋಗಬಹುದು, ಕಲಿಯಬಹುದು. ಒಂದೊಂದೇ ಮೆಟ್ಟಿಲು ಹತ್ತಬೇಕು, ಅಷ್ಟೆ. ಮೊದಲ ಮೆಟ್ಟಿಲು ಬಿಟ್ಟು ನೇರ ಕೊನೆಯದಕ್ಕೆ ಕಾಲಿಟ್ಟವರು ಕಾಲು ಮುರಿದುಕೊಳ್ಳುತ್ತಾರೆ, ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳುತ್ತಾರೆ. ಆ ಮೆಟ್ಟಿಲುಗಳು ಯಾವುವು, ಅವು ಹಾಗೇಕಿವೆ ಎಂಬುದನ್ನು ನಮ್ಮ ನೆಲದ ಅನುಭವದಿಂದಲೇ ಹೇಳುತ್ತೇನೆ.

ಎರಡು ಬಗೆಯ ಇಳಿಜಾರು

ಉದ್ದ ಪಟ್ಟಿಯಂಥ ಸ್ಕೀಗಳನ್ನು ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಎರಡು ಬಗೆಯ ಜಾಗಗಳಿವೆ. ಒಂದು, ಯಂತ್ರ ಓಡಿಸಿ ಹಿಮ ಹದಮಾಡಿದ, ಕಾವಲಿರುವ ಇಳಿಜಾರು. ಮೇಲೇರಲು ಅಲ್ಲಿ ಲಿಫ್ಟ್ ಇರುತ್ತದೆ, ಬಿದ್ದರೆ ಎತ್ತಲು ಜನ ಇರುತ್ತಾರೆ. ಇನ್ನೊಂದು, ಯಾರೂ ಮುಟ್ಟದ ಬೆಟ್ಟದ ಹಿಮ. ಇದಕ್ಕೆ ಬ್ಯಾಕ್‌ಕಂಟ್ರಿ ಎನ್ನುತ್ತಾರೆ. ಅಲ್ಲಿ ದಾರಿಯಿಲ್ಲ, ಫಲಕವಿಲ್ಲ, ಹಿಮ ಮೊಣಕಾಲಿನವರೆಗೆ, ಕೆಲವೆಡೆ ಸೊಂಟದವರೆಗೆ ಇರುತ್ತದೆ. ಅಂಥ ಕಡೆಗೆ ಗುಂಪನ್ನು ಹೊತ್ತೊಯ್ಯುವ ಗಾಡಿಯೇ ಸ್ನೋಕ್ಯಾಟ್.

ಸಿಮೆಂಟ್ ಫ್ಯಾಕ್ಟರಿಯ ಗಣಿಯಲ್ಲಿ ಚೈನ್ ಮೇಲೆ ಓಡುವ ಡೋಜರ್ ನೀವು ನೋಡಿರುತ್ತೀರಿ. ಸ್ನೋಕ್ಯಾಟ್ ಅದೇ ಜಾತಿಯದು. ಆದರೆ ಅದರ ಪಟ್ಟಿ ಬಹಳ ಅಗಲ, ಹಿಂದೆ ಹತ್ತು ಹನ್ನೆರಡು ಜನ ಕೂರುವ ಬೆಚ್ಚನೆಯ ಕೋಣೆ ಇರುತ್ತದೆ. ಮಳೆಗಾಲದ ಎರೆ ಹೊಲಕ್ಕೆ ಇಳಿದ ಬಂಡಿಯ ಗಾಲಿ ಅಚ್ಚಿನತನಕ ಹೂತುಹೋಗುತ್ತದೆ. ಅದೇ ಕೆಸರಿನ ಮೇಲೆ ಹಲಗೆ ಹಾಸಿದರೆ ಆಳು ಆರಾಮಾಗಿ ದಾಟುತ್ತಾನೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋದರೆ ನೆಲ ತಡೆಯುತ್ತದೆ. ಸ್ನೋಕ್ಯಾಟ್ ಹೂಳದಿರುವುದು, ಅಗಲ ಸ್ಕೀ ಕಟ್ಟಿದ ಮನುಷ್ಯ ಆಳ ಹಿಮದಲ್ಲಿ ತೇಲುವುದು, ಎರಡೂ ಈ ಲೆಕ್ಕದಿಂದಲೇ.

ಈ ಗಾಡಿಯಲ್ಲಿ ಜನರನ್ನು ಬೆಟ್ಟದ ನೆತ್ತಿಗೆ ಏರಿಸಿ, ಗೈಡ್ ಜೊತೆ ಇಳಿಸುವ ಪದ್ಧತಿಯನ್ನು 1975ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸೆಲ್ಕರ್ಕ್ ವೈಲ್ಡರ್‌ನೆಸ್ ಸ್ಕೀಯಿಂಗ್ ಎಂಬ ಸಂಸ್ಥೆ ಶುರುಮಾಡಿತು. ಇಂದು ಅಮೆರಿಕದ ಕೊಲರಾಡೊ, ಜಪಾನಿನ ಹೊಕ್ಕೈಡೊಗಳಲ್ಲೂ ಇದೆ. ನಮ್ಮ ದೇಶದಲ್ಲಿ ಆಳ ಹಿಮಕ್ಕೆ ಹೆಸರಾದ ಗುಲ್ಮರ್ಗ್‌ನಲ್ಲಿ ಜನರನ್ನು ಮೇಲೇರಿಸುವುದು ತಂತಿಗೆ ತೂಗಿ ಓಡುವ ಗೊಂಡೋಲಾ. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಕಟ್ಟಿದರು. ಗೊಂಡೋಲಾದ ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಬಂತು. ಮೊದಲ ಹಂತ ಕೊಂಗ್‌ದೂರಿಯವರೆಗೆ, ಎರಡನೆಯದು ಅಫರ್ವಾಟ್ ಬೆಟ್ಟದ ಹೆಗಲಿಗೆ, ಅಂದರೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಇಳಿದು, ಹದಮಾಡಿದ ದಾರಿ ಬಿಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ನೀವು ಬ್ಯಾಕ್‌ಕಂಟ್ರಿಯಲ್ಲಿದ್ದೀರಿ. ಗಾಡಿ ಯಾವುದಾದರೂ ಇರಲಿ, ಮೇಲೇರಿದ ಮೇಲೆ ನಿಯಮ ಎಲ್ಲೆಡೆ ಒಂದೇ.

ಹಿಮ ಏಕೆ ಕುಸಿಯುತ್ತದೆ: ಗಣಿ ಕಲಿಸುವ ಪಾಠ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಶಹಾಬಾದ್ ಸುತ್ತಿನ ಪರ್ಸಿ ಗಣಿಯಲ್ಲಿ ಕಲ್ಲು ಬಿಡಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಬಂಡೆ ಒಂದೇ ಗಟ್ಟಿ ಮುದ್ದೆಯಂತೆ ಕಾಣುತ್ತದೆ. ಆದರೆ ಕೆಲಸಗಾರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಸವರಿ ಒಂದು ಗೆರೆ ಹುಡುಕುತ್ತಾನೆ. ಆ ಗೆರೆಗೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಸಾಗುತ್ತಾನೆ. ನಾಲ್ಕೈದು ಕಡೆ ತಟ್ಟುವಷ್ಟರಲ್ಲಿ ದನಿ ಬದಲಾಗುತ್ತದೆ. ‘ಟಣ್’ ಎನ್ನುತ್ತಿದ್ದದ್ದು ‘ಡಬ್’ ಎನ್ನುತ್ತದೆ. ಆಮೇಲೆ ಹಾರೆ ಹಾಕಿ ಮೀಟಿದರೆ ಮಂಚದಷ್ಟು ಅಗಲದ ಹಾಸು ಒಂದೇ ಸಲಕ್ಕೆ ಮೇಲೇಳುತ್ತದೆ. ಅವನು ಒಡೆದದ್ದು ಕಲ್ಲನ್ನಲ್ಲ, ಎರಡು ಪದರುಗಳ ನಡುವಿನ ಸಡಿಲ ಬೆಸುಗೆಯನ್ನು.

ಬೆಟ್ಟದ ಹಿಮವೂ ಹೀಗೇ ಪದರು ಪದರು. ನವೆಂಬರಿನಲ್ಲಿ ಬಿದ್ದದ್ದೊಂದು ಹಾಸು, ಡಿಸೆಂಬರಿನದು ಅದರ ಮೇಲೆ, ನಿನ್ನೆ ರಾತ್ರಿಯದು ಎಲ್ಲಕ್ಕೂ ಮೇಲೆ. ನಡುವೆ ಬಿಸಿಲು ಬಿದ್ದರೆ ಮೇಲ್ಮೈ ಗಾಜಿನಂತೆ ಗಟ್ಟಿಯಾಗುತ್ತದೆ. ಹಿಮ ತೆಳ್ಳಗಿದ್ದು, ಆಕಾಶ ಶುಭ್ರವಾಗಿ, ರಾತ್ರಿಗಳು ಬಹಳ ತಣ್ಣಗಾದರೆ ತಳದ ಹಿಮ ಒಂದಕ್ಕೊಂದು ಅಂಟದ ಹರಳುಗಳಾಗಿ ಮಾರ್ಪಡುತ್ತದೆ. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸುರಿಯುತ್ತದೆ. ಸಕ್ಕರೆ ಹರಡಿದ ಓರೆ ಹಲಗೆಯ ಮೇಲೆ ಪರ್ಸಿ ಕಲ್ಲು ಇಟ್ಟಂತಾಯಿತು. ಆ ಕಲ್ಲಿನ ಮೇಲೆ ಒಬ್ಬ ಮನುಷ್ಯ ಸ್ಕೀ ಕಟ್ಟಿಕೊಂಡು ಹಾಯ್ದ ಎಂದುಕೊಳ್ಳಿ. ಗಣಿಯಲ್ಲಿ ಉಳಿ ಮಾಡಿದ ಕೆಲಸವನ್ನು ಇಲ್ಲಿ ಅವನ ಭಾರ ಮಾಡುತ್ತದೆ. ಇಡೀ ಹಾಸು ಬಿರುಕುಬಿಟ್ಟು ಜಾರುತ್ತದೆ. ಹಿಮಕುಸಿತಕ್ಕೆ ಸಿಕ್ಕವರ ಪೈಕಿ ಬಹುತೇಕರಿಗೆ ಅದು ತಾನಾಗಿ ಮೇಲಿಂದ ಬಂದದ್ದಲ್ಲ. ಅವರೇ ಅಥವಾ ಅವರ ಗುಂಪಿನವರೇ ತುಳಿದು ಬಿಡಿಸಿದ್ದು.

ಎಷ್ಟು ಓರೆಯಿದ್ದರೆ ಜಾರುತ್ತದೆ? ಅಪಾಯದ ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನವು. ನಿಮ್ಮ ಮನೆಯ ಮಾಳಿಗೆಗೆ ಹತ್ತುವ ಮೆಟ್ಟಿಲು ಸುಮಾರು 30ರಿಂದ 35 ಡಿಗ್ರಿ ಓರೆಯಿರುತ್ತದೆ. ಅದಕ್ಕಿಂತ ತೀರ ಕಡಿಮೆಯಿದ್ದರೆ ಹಿಮ ಕೂತಲ್ಲೇ ಕೂರುತ್ತದೆ. ಇನ್ನೂ ಕಡಿದಾಗಿದ್ದರೆ ಬಿದ್ದಂತೆಲ್ಲ ಉದುರಿಹೋಗಿ ರಾಶಿ ಕಟ್ಟುವುದೇ ಕಡಿಮೆ. ಸ್ಕೀ ಮಾಡುವವರಿಗೆ ತುಂಬ ಖುಷಿ ಕೊಡುವ ಇಳಿಜಾರೂ ಇದೇ ಮಾಳಿಗೆ ಮೆಟ್ಟಿಲಿನ ಓರೆಯದು. ಗೈಡ್ ಬೇಕಾಗುವುದು ಇದಕ್ಕೇ.

ಗಾಳಿಯ ಪಾತ್ರ ಬಹಳ ದೊಡ್ಡದು. ಕಣದಲ್ಲಿ ಜೋಳ ತೂರುವುದನ್ನು ನೆನೆಸಿಕೊಳ್ಳಿ. ಗಾಳಿ ಹೊಟ್ಟನ್ನು ಹೊತ್ತೊಯ್ದು ತನ್ನ ಬಿರುಸು ಇಳಿಯುವಲ್ಲಿ ರಾಶಿ ಹಾಕುತ್ತದೆ. ಬೆಟ್ಟದಲ್ಲೂ ಗಾಳಿ ಬೀಸುವ ಮಗ್ಗುಲು ಬೋಳಾಗಿ, ಮರೆಯ ಮಗ್ಗುಲಲ್ಲಿ ಹಿಮ ದಪ್ಪನಾಗಿ ಕೂರುತ್ತದೆ. ಎರಡು ದಿನ ಹಿಮವೇ ಬೀಳದಿದ್ದರೂ ಗಾಳಿ ಒಂದರಿಂದಲೇ ಒಂದು ಇಳಿಜಾರು ಅಪಾಯದ್ದಾಗಬಹುದು. ಮೇಲಿನಿಂದ ಅದು ನುಣ್ಣಗೆ, ಹೊಸ ಹಾಸಿಗೆಯಂತೆ ಕಾಣುತ್ತದೆ. ಹೊಸಬರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಗುಲ್ಮರ್ಗ್‌ನ ಇತಿಹಾಸ ಕಹಿಯಾಗಿದೆ. 2010ರ ಫೆಬ್ರುವರಿ 8ರಂದು ಅಲ್ಲಿನ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ಮತ್ತೆ ಖಿಲನ್‌ಮರ್ಗ್‌ನಲ್ಲಿ ರಷ್ಯಾದ ಒಬ್ಬರು ತೀರಿಕೊಂಡರು. ಹಿಮದಲ್ಲಿ ಪಳಗಿದವರನ್ನೂ ಬೆಟ್ಟ ಬಿಟ್ಟಿಲ್ಲ ಎಂಬುದಕ್ಕೆ ಇವನ್ನು ಹೇಳಿದೆ.

ಈ ನಾಲ್ಕು ಗುರುತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಯಾವುದೇ ಒಂದು ಕಂಡರೂ ಗೈಡ್‌ಗೆ ಕೂಡಲೇ ಹೇಳಿ:

1. ಅಕ್ಕಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು.
2. ನಿಮ್ಮ ಸ್ಕೀ ತುದಿಯಿಂದ ಮುಂದಕ್ಕೆ ಓಡುವ ಬಿರುಕು.
3. ಕಾಲಡಿ ಹಿಮ ‘ಧುಮ್’ ಎಂದು ಕೆಳಗೆ ಕೂತ ಸದ್ದು. ಗಣಿಯ ‘ಡಬ್’ ದನಿಯ ಒಡಹುಟ್ಟು ಇದು. ಪದರು ಬಿಟ್ಟಿದೆ ಎಂದರ್ಥ.
4. ಹಿಂದಿನ ಒಂದೆರಡು ದಿನಗಳಲ್ಲಿ ಭಾರೀ ಹಿಮ ಅಥವಾ ಜೋರು ಗಾಳಿ, ಇಲ್ಲವೇ ಏಕಾಏಕಿ ಏರಿದ ಬಿಸಿಲು.

ಮೊದಲು ಎಲ್ಲಿ ಕಲಿಯಬೇಕು

ಸ್ನೋಕ್ಯಾಟ್ ಏರಲು ಕನಿಷ್ಠ ಅರ್ಹತೆಯೊಂದಿದೆ. ಹದಮಾಡಿದ, ಸಾಧಾರಣ ಕಡಿದಾದ ಇಳಿಜಾರಿನಲ್ಲಿ ಎರಡೂ ಕಡೆ ತಿರುಗುತ್ತ, ಬೇಕೆಂದಲ್ಲಿ ನಿಲ್ಲುತ್ತ, ಬೀಳದೆ ಇಳಿದು ಬರಬೇಕು. ಮೊದಲ ಪ್ರವಾಸದಲ್ಲಿ ಇದು ಆಗುವುದಿಲ್ಲ. ಎರಡು ಮೂರು ಚಳಿಗಾಲ ಬೇಕು. ಕೆನಡಾದ ಆ ಸೇಡಂನ ಹುಡುಗನಿಗೂ ನನ್ನ ಮಾತು ಇದೇ: ಈ ವರ್ಷ ಹತ್ತಿರದ ಲಿಫ್ಟ್ ಇರುವ ಇಳಿಜಾರಿನಲ್ಲಿ ಪಾಠ ತಗೊ, ಅದು ಕೈಗೂಡಿದ ಮೇಲೆ ಸ್ನೋಕ್ಯಾಟ್ ನೋಡು.

ದೇಶದೊಳಗೆ ಕಲಿಯಲು ಗುಲ್ಮರ್ಗ್‌ನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟೇನಿಯರಿಂಗ್, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳು ಸರ್ಕಾರಿ ಕೋರ್ಸ್ ನಡೆಸುತ್ತವೆ. ಉತ್ತರಾಖಂಡದ ಔಲಿಯಲ್ಲೂ ಇಳಿಜಾರಿದೆ. ಒಂದು ದಿನ ಬಾಡಿಗೆ ಸ್ಕೀ ಕಟ್ಟಿ ಫೋಟೊ ತೆಗೆಸಿಕೊಳ್ಳುವ ಬದಲು ಎರಡು ವಾರದ ಮೂಲ ಕೋರ್ಸ್ ಸೇರಿದರೆ ನೀವು ನಿಜವಾಗಿ ಕಲಿತು ಬರುತ್ತೀರಿ. ದಕ್ಷಿಣದವರ ಕೈಲಾಗುವುದಿಲ್ಲ ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕದ ಪರವಾಗಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು ಅವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ತಂದರು. ಕೊಡಗಿನಲ್ಲೂ ಹಿಮ ಬೀಳುವುದಿಲ್ಲ.

ಮೊದಲ ದಿನ ಕಲಿಸುವುದು ಓಟವನ್ನಲ್ಲ, ನಿಲ್ಲುವುದನ್ನು. ಒದ್ದೆಯಾದ ಪರ್ಸಿ ಹಾಸಿನ ಬಚ್ಚಲಲ್ಲಿ ಜಾರಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಕಲ್ಲಿಗೂ ಅಂಗಾಲಿಗೂ ನಡುವೆ ನೀರಿನ ತೆಳುಪೊರೆ ಬಂದು ಹಿಡಿತ ತಪ್ಪುತ್ತದೆ. ಸ್ಕೀ ಅಡಿಯಲ್ಲೂ ತಿಕ್ಕಾಟದ ಬಿಸಿಗೆ ಅಂಥದೇ ಪೊರೆ ಹುಟ್ಟುತ್ತದೆ. ಆದ್ದರಿಂದ ಸ್ಕೀ ಚಪ್ಪಟೆಯಾಗಿದ್ದಷ್ಟೂ ಜಾರುತ್ತದೆ, ಅಂಚು ಕಚ್ಚಿಸಿದರೆ ನಿಲ್ಲುತ್ತದೆ. ಎರಡು ಸ್ಕೀಗಳ ಮುಂತುದಿ ಹತ್ತಿರ ತಂದು, ಹಿಂತುದಿ ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿ. ಮುಂಗಾಲ ಮೂಳೆ ಬೂಟಿನ ನಾಲಿಗೆಗೆ ತಾಗುವಷ್ಟು ಮಂಡಿ ಬಗ್ಗಿಸಿ. ಅಂಜಿಕೆಯಾದಾಗ ಮೈ ಹಿಂದಕ್ಕೆ ವಾಲುತ್ತದೆ. ಆಗ ಭಾರ ಸ್ಕೀಯ ಬಾಲಕ್ಕೆ ಹೋಗಿ ತುದಿ ನಿಮ್ಮ ಮಾತು ಕೇಳುವುದಿಲ್ಲ. ಇಳಿಜಾರಿಗೆ ಎದೆ ಕೊಟ್ಟು ನಿಲ್ಲುವುದು ಮೊದಲೆರಡು ದಿನ ಮನಸ್ಸಿಗೆ ಒಪ್ಪದ ಕೆಲಸ. ಒಪ್ಪಿಸಲೇಬೇಕು.

ಎರಡು ತಿಂಗಳ ಮೊದಲೇ ಮೈ ಹದ

ಸ್ಕೀಯಿಂಗ್ ತೊಡೆಯ ಕೆಲಸ. ಗರಡಿಯವರು ಹೇಳಿಕೊಡುವ ಬಸ್ಕಿಗಿಂತ ಒಳ್ಳೆಯ ತಾಲೀಮು ಇದಕ್ಕಿಲ್ಲ.

1. ದಿನಕ್ಕೆ 20 ಬಸ್ಕಿಯಿಂದ ಶುರುಮಾಡಿ, ವಾರವಾರ ಏರಿಸುತ್ತ ಹೋಗಿ. ನಿಧಾನ ಇಳಿಯಿರಿ, ನಿಧಾನ ಏಳಿ.
2. ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕೂತಂತೆ ನಿಲ್ಲಿ. ಒಂದು ನಿಮಿಷ ತಡೆದರೆ ನೀವು ಸಿದ್ಧವಾಗುತ್ತಿದ್ದೀರಿ.
3. ವಾರಕ್ಕೊಮ್ಮೆ ಬೆನ್ನಿಗೆ ಚೀಲ ಹಾಕಿ ಏರು ಹತ್ತಿ. ಚಿಂಚೋಳಿ ಕಡೆಯವರಿಗೆ ಗುಡ್ಡಗಳಿವೆ. ವಾಡಿ, ಶಹಾಬಾದಿನವರು ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿಯಬಹುದು. ಇಳಿಯುವುದೇ ಮುಖ್ಯ, ಮಂಡಿ ಗಟ್ಟಿಯಾಗುವುದು ಇಳಿಯುವಾಗ.
4. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜಿ. ಸಣ್ಣದೆನಿಸಿದರೂ ಸಮತೋಲ ಕಲಿಸುತ್ತದೆ.

ಹೃದಯದ ತೊಂದರೆ, ಅಸ್ತಮಾ, ಏರು ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ನಮ್ಮ ಊರುಗಳು ಸಮುದ್ರಮಟ್ಟದಿಂದ 400 ಮೀಟರಿನ ಆಸುಪಾಸಿನವು, ಗುಲ್ಮರ್ಗ್ ಸುಮಾರು 2,650 ಮೀಟರ್. ತಲುಪಿದ ದಿನ ಮೇಲಕ್ಕೆ ಓಡಬೇಡಿ. ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ಅಲ್ಲೇ ತಂಗಿ, ನೀರು ಹೆಚ್ಚು ಕುಡಿಯಿರಿ, ಮದ್ಯ ಮುಟ್ಟಬೇಡಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಲಕ್ಷಣ. ಆಗ ಇನ್ನೂ ಮೇಲೆ ಹೋಗಕೂಡದು. ನಡೆದರೆ ತೂರಾಡುವಂತಾದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಹೊತ್ತು ಗೊತ್ತು ನೋಡದೆ ಕೆಳಗಿಳಿಸಿ, ಆಸ್ಪತ್ರೆಗೆ ಒಯ್ಯಿರಿ.

ಕೌದಿಯ ಲೆಕ್ಕದ ಉಡುಪು

ಅಜ್ಜಿ ಹೊಲಿದ ಕೌದಿ ಏಕೆ ಬೆಚ್ಚಗಿರುತ್ತದೆ? ಹಳೆ ಸೀರೆ, ಧೋತರಗಳ ಹಲವು ಪದರುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮೈಯ ಬಿಸಿ ಹೊರಹೋಗಲು ಆ ಗಾಳಿ ಬಿಡುವುದಿಲ್ಲ. ಒಂದು ದಪ್ಪ ಜಾಕೆಟಿಗಿಂತ ಮೂರು ಹದವಾದ ಪದರು ಮೇಲಾಗುವುದು ಹೀಗೆ. ಸೆಕೆಯಾದರೆ ಒಂದನ್ನು ಕಳಚಬಹುದು ಕೂಡ.

ಮೈಗೆ ತಾಗುವ ಪದರು ಉಣ್ಣೆಯದೋ ಪಾಲಿಯೆಸ್ಟರ್ ಥರ್ಮಲ್ಲೋ ಆಗಿರಲಿ. ಇಲ್ಲಿ ನಮ್ಮ ಅಭ್ಯಾಸ ಬದಲಾಗಬೇಕು. ನಮ್ಮ ಬಿಸಿಲಿಗೆ ಹತ್ತಿಯೇ ದೇವರು, ಹಿಮದಲ್ಲಿ ಹತ್ತಿ ಶತ್ರು. ಬೆವರು ಹೀರಿಕೊಂಡ ಹತ್ತಿ ಒಣಗದೆ ಮೈಗಂಟಿ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಜೀನ್ಸ್ ಪ್ಯಾಂಟಂತೂ ಬೇಡವೇ ಬೇಡ. ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವವರಿಗೆ ಇದು ಯಾವಾಗಲೋ ಗೊತ್ತು. ನಡುವಿನ ಪದರು ಫ್ಲೀಸ್ ಅಥವಾ ಸ್ವೆಟರ್, ಹೊರಗಿನದು ಗಾಳಿ, ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್.

ಬೂಟಿನ ವಿಷಯದಲ್ಲಿ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಸಲ ಚಳಿಯ ಭಯಕ್ಕೆ ಎರಡು ಜೊತೆ ಹತ್ತಿ ಕಾಲುಚೀಲ ಹಾಕಿ, ಅದಕ್ಕೆ ಹೊಂದಲೆಂದು ಒಂದು ಅಳತೆ ದೊಡ್ಡ ಬೂಟು ಬಾಡಿಗೆಗೆ ಪಡೆದೆ. ಒಂದು ಗಂಟೆಯಲ್ಲಿ ಕಾಲುಚೀಲ ಬೆವರಿಗೆ ಒದ್ದೆಯಾಗಿ ಹಿಮದಷ್ಟೇ ತಣ್ಣಗಾದವು. ತಿರುಗಬೇಕೆಂದಾಗಲೆಲ್ಲ ಹಿಮ್ಮಡಿ ಬೂಟಿನೊಳಗೆ ಎದ್ದು ಬಂತು; ಬೂಟು ತಿರುಗದೆ ಕಾಲು ಮಾತ್ರ ತಿರುಗಿತು. ಸಂಜೆ ಬಿಚ್ಚಿದಾಗ ಎರಡೂ ಹಿಮ್ಮಡಿ ಸುಲಿದು ರಕ್ತವಾಗಿತ್ತು, ಮರುದಿನದ ಪಾಠ ತಪ್ಪಿತು. ಸರಿಯಾದ ಅಳತೆ ಹೀಗೆ: ಒಂದೇ ಜೊತೆ ತೆಳು ಉಣ್ಣೆಯ ಕಾಲುಚೀಲ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿಗೆ ಮೆಲ್ಲಗೆ ತಾಗಬೇಕು. ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಅಲುಗಬಾರದು. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ. ಆ ಮಡಿಕೆ ಮೊಣಕಾಲ ಕೆಳಗಿನ ಮೂಳೆಯನ್ನು ದಿನವಿಡೀ ಒತ್ತುತ್ತದೆ.

ಸ್ಕೀಗೆ ಬೂಟು ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ಕಳಚಿಕೊಂಡರೆ ಕಾಲು ಉಳಿಯುತ್ತದೆ. ಎಷ್ಟು ಒತ್ತಡಕ್ಕೆ ಕಳಚಬೇಕು ಎಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿ ಹೊಂದಿಸುತ್ತಾರೆ. ಇದರಲ್ಲಿ ಒಂದು ಕಿಲೋ ಕೂಡ ಸುಳ್ಳು ಹೇಳಬೇಡಿ.

ಹೆಲ್ಮೆಟ್ ಬೇಕೇ ಬೇಕು. ಕನ್ನಡಕವೂ ಹಾಗೆಯೇ: ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರವರೆಗೆ ವಾಪಸು ಎಸೆಯುತ್ತದೆ. ‘ನಾವು ಬಿಸಿಲಲ್ಲೇ ಬೆಳೆದವರು’ ಎಂದು ಬರಿಗಣ್ಣಲ್ಲಿ ಹೋದವರಿಗೆ ರಾತ್ರಿ ಕಣ್ಣಲ್ಲಿ ಮರಳು ತುಂಬಿದಂತೆ ಉರಿ ಏಳುತ್ತದೆ. ಬಿಸಿಲು ಕೆಳಗಿನಿಂದಲೂ ಬರುವ ಊರು ಅದು. ಮೂಗಿನ ಹೊಳ್ಳೆ, ಗದ್ದದ ಅಡಿಗೂ ಸನ್‌ಸ್ಕ್ರೀನ್ ಹಚ್ಚಿ.

ಗೈಡ್ ಆರಿಸುವಾಗ

ದರ ಕೇಳುವ ಮುನ್ನ ಇಷ್ಟು ಕೇಳಿ:

1. ಹಿಮಕುಸಿತ ಸುರಕ್ಷತೆಯ ತರಬೇತಿ ಎಲ್ಲಿ ಪಡೆದಿದ್ದೀರಿ? ಪ್ರಮಾಣಪತ್ರ ತೋರಿಸುತ್ತೀರಾ?
2. ಒಂದು ಗುಂಪಿಗೆ ಎಷ್ಟು ಜನ, ಎಷ್ಟು ಗೈಡ್? ಮುಂದೊಬ್ಬರು, ಕೊನೆಯಲ್ಲೊಬ್ಬರು ಇರಬೇಕು.
3. ಪ್ರತಿಯೊಬ್ಬರಿಗೂ ಟ್ರಾನ್ಸೀವರ್, ಸಲಿಕೆ, ಪ್ರೋಬ್ (ಇವೇನೆಂದು ಮುಂದೆ ಹೇಳುತ್ತೇನೆ) ಕೊಡುತ್ತೀರಾ? ಹೊರಡುವ ಮುನ್ನ ಅಭ್ಯಾಸ ಮಾಡಿಸುತ್ತೀರಾ?
4. ಇವತ್ತಿನ ಹಿಮಕುಸಿತ ಮುನ್ಸೂಚನೆ ಎಷ್ಟು? ಅದು 1ರಿಂದ 5ರವರೆಗಿನ ಅಂಕ. ನಮ್ಮಲ್ಲಿ ಹಿಮಾಲಯಕ್ಕೆ ಇದನ್ನು ಕೊಡುವುದು ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ.
5. ಹವಾಮಾನ ಕೆಟ್ಟರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ ‘ಅವತ್ತು ಹೋಗೋದಿಲ್ಲ’ ಎಂದು ಮುಖಕ್ಕೆ ಹೇಳುವ ಗೈಡ್ ಸಿಕ್ಕರೆ ಅವರನ್ನು ಬಿಡಬೇಡಿ. ‘ಏನೂ ಆಗಲ್ಲ ಸಾಬ್, ನಾನಿದ್ದೀನಿ’ ಎನ್ನುವವರಿಂದ ದೂರವಿರಿ. ವಿಮೆ ಮಾಡಿಸುವಾಗ ಹದಮಾಡಿದ ಇಳಿಜಾರಿನಾಚೆಯ ಸ್ಕೀಯಿಂಗ್‌ಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ನೋಡಿ. ಬಹಳ ಪಾಲಿಸಿಗಳು ಇದನ್ನು ಹೊರಗಿಡುತ್ತವೆ.

ಬೆಟ್ಟದ ಮೇಲಿನ ದಿನ

ಟ್ರಾನ್ಸೀವರ್ ಎಂದರೆ ಎದೆಗೆ ಕಟ್ಟಿಕೊಳ್ಳುವ, ಅಂಗೈಯಷ್ಟು ದೊಡ್ಡ ರೇಡಿಯೊ. ಜಗತ್ತಿನ ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಒಬ್ಬರು ಹೂತರೆ ಉಳಿದವರು ತಮ್ಮ ಯಂತ್ರವನ್ನು ಹುಡುಕುವ ಸ್ಥಿತಿಗೆ ತಂದು ಜಾಗ ಪತ್ತೆ ಮಾಡುತ್ತಾರೆ, ಮಡಚುವ ಉದ್ದ ಕೋಲಾದ ಪ್ರೋಬಿನಿಂದ ಚುಚ್ಚಿ ಖಚಿತಪಡಿಸಿಕೊಳ್ಳುತ್ತಾರೆ, ಸಲಿಕೆಯಿಂದ ತೋಡುತ್ತಾರೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ದಂಡ. ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬರು ಉಳಿದರೆ ಪುಣ್ಯ. ಊರಿನಿಂದ ರಕ್ಷಣಾ ತಂಡ ಬರುವವರೆಗೆ ಆ ಹತ್ತು ನಿಮಿಷ ಕಾಯುವುದಿಲ್ಲ. ಉಳಿಸುವವರು ನಿಮ್ಮ ಪಕ್ಕದಲ್ಲಿರುವ ಗೆಳೆಯರೇ, ಅವರನ್ನು ಉಳಿಸಬೇಕಾದವರು ನೀವೇ. ಆದ್ದರಿಂದ ಬೆಳಗಿನ ಅಭ್ಯಾಸದಲ್ಲಿ ಹಿಂದೆ ನಿಂತು ನೋಡಬೇಡಿ. ಯಂತ್ರ ಕೈಗೆ ತೆಗೆದುಕೊಂಡು, ಹಿಮದಲ್ಲಿ ಹೂತಿಟ್ಟ ಚೀಲವನ್ನು ನೀವೇ ಹುಡುಕಿ ತೋಡಿ. ಮೊಬೈಲು ಟ್ರಾನ್ಸೀವರಿನ ಸಂಕೇತ ಕೆಡಿಸುತ್ತದೆ. ಎರಡರ ನಡುವೆ ಕನಿಷ್ಠ ಒಂದು ಗೇಣು ಅಂತರವಿರಲಿ, ಹುಡುಕುವಾಗ ಅರ್ಧ ಮೀಟರಿಗಿಂತ ಹೆಚ್ಚಿರಲಿ.

ಇಳಿಯುವಾಗ:

1. ಒಬ್ಬರಾದ ಮೇಲೆ ಒಬ್ಬರು. ಓರೆಯ ಮೇಲೆ ಒಂದೇ ಹೊತ್ತಿಗೆ ಇಬ್ಬರಿದ್ದರೆ ಪದರಿನ ಮೇಲೆ ಭಾರ ಇಮ್ಮಡಿ. ಕುಸಿದರೆ ಹುಡುಕಬೇಕಾದವರೂ ಇಬ್ಬರು.
2. ಗೈಡ್ ‘ನನ್ನ ಗೆರೆಯ ಎಡಕ್ಕೆ’ ಎಂದರೆ ಎಡಕ್ಕೇ. ಬಲಕ್ಕೆ ಹಿಮ ಎಷ್ಟೇ ಚೆನ್ನಾಗಿ ಕಂಡರೂ ಹೋಗಬೇಡಿ. ಬೆರಳಿನಿಂದ ಗೆರೆ ಹುಡುಕುವ ಗಣಿಯವನ ಕೆಲಸವನ್ನು ಅವರು ಮುಂಜಾನೆಯಿಂದ ಮಾಡಿರುತ್ತಾರೆ.
3. ನಿಲ್ಲುವುದು ಗೈಡ್ ತೋರಿದ ಜಾಗದಲ್ಲಿ, ಅವರಿಗಿಂತ ಮೇಲೆ. ಇಳಿಜಾರಿನ ನಡುವೆ ಅಥವಾ ಬುಡದಲ್ಲಿ ನಿಲ್ಲಬೇಡಿ.
4. ಮರಗಳ ನಡುವೆ ಜೊತೆಗಾರ ಕಣ್ಣಿಗೆ ಬೀಳುವಂತಿರಿ, ಕೂಗಿ ಮಾತಾಡಿ. ದೇವದಾರಿನ ಜಾತಿಯ ಮರಗಳ ಬುಡದಲ್ಲಿ, ತಗ್ಗು ಕೊಂಬೆಗಳ ಅಡಿ, ಹಿಮ ಸಡಿಲವಾಗಿ ಹೊಂಡವಿರುತ್ತದೆ. ತಲೆಕೆಳಗಾಗಿ ಬಿದ್ದರೆ ತಾನೇ ಏಳುವುದು ಕಷ್ಟ, ಉಸಿರುಕಟ್ಟುತ್ತದೆ.
5. ಬೀಳುವುದು ಖಚಿತ ಎನಿಸಿದರೆ ಬೆಟ್ಟದ ಏರಿನ ಕಡೆಗೆ, ಪಕ್ಕಕ್ಕೆ, ಕುಂಡಿಯ ಮೇಲೆ ಬೀಳಿ. ಕೈ ಊರಬೇಡಿ.

ಹೆಚ್ಚು ಮಂದಿಗೆ ಪೆಟ್ಟಾಗುವುದು ಊಟದ ನಂತರ, ದಣಿದ ತೊಡೆಗಳಿಂದ. ‘ಇನ್ನೊಂದೇ ಒಂದು ಸಲ’ ಎನಿಸಿದಾಗ ಸ್ನೋಕ್ಯಾಟಿನಲ್ಲೇ ಕೂತು ಕೆಳಗೆ ಬನ್ನಿ. ಅದರಲ್ಲಿ ನಾಚಿಕೆಯೇನಿಲ್ಲ, ಗೈಡ್‌ಗಳು ಅದನ್ನು ಮೆಚ್ಚುತ್ತಾರೆ. ಜೇಬಿನಲ್ಲಿ ಶೇಂಗಾ ಉಂಡಿ ಇಟ್ಟುಕೊಳ್ಳಿ. ಚಳಿಯಲ್ಲಿ ಕಲ್ಲಾಗುವ ಚಾಕೊಲೇಟಿಗಿಂತ ಅದು ಬಾಯಿಗೆ ಮೆತ್ತಗೆ, ಮೈಗೆ ಬಲ.

ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು

ಎಲ್ಲಕ್ಕಿಂತ ದೊಡ್ಡದು ಅನುಭವದ ಬಗ್ಗೆ ಸುಳ್ಳು. ನಾಲ್ಕು ದಿನ ಕಲಿತವರು ‘ಎರಡು ವರ್ಷದಿಂದ ಮಾಡ್ತಿದ್ದೀನಿ’ ಎಂದು ಫಾರಂ ತುಂಬುತ್ತಾರೆ. ಗುಂಪು ಕಟ್ಟುವುದು, ಇಳಿಜಾರು ಆರಿಸುವುದು ಆ ಫಾರಂ ನೋಡಿ. ಒಬ್ಬರ ಸುಳ್ಳಿಗೆ ಹನ್ನೊಂದು ಜನ ಚಳಿಯಲ್ಲಿ ಕಾಯಬೇಕಾಗುತ್ತದೆ, ಗೈಡ್ ಎಲ್ಲರನ್ನೂ ಬಿಟ್ಟು ಒಬ್ಬರ ಹಿಂದೆ ಬೀಳಬೇಕಾಗುತ್ತದೆ.

ಎರಡನೆಯದು, ಇನ್ನೊಬ್ಬರ ಗೆರೆ ನೋಡಿ ಧೈರ್ಯ ತಂದುಕೊಳ್ಳುವುದು. ಇಳಿಜಾರಿನಲ್ಲಿ ಐದು ಗೆರೆ ಇದ್ದರೆ ಆರನೆಯದಕ್ಕೆ ಕುಸಿಯದು ಎಂದೇನಿಲ್ಲ. ಗಣಿಯಲ್ಲೂ ಐದನೆಯ ಪೆಟ್ಟಿಗೆ ಬಿಡದ ಹಾಸು ಆರನೆಯದಕ್ಕೆ ಬಿಡುತ್ತದೆ.

ಮೂರನೆಯದು, ಬಾಯಾರಿಕೆ ಇಲ್ಲವೆಂದು ನೀರು ಬಿಡುವುದು. ಒಣಗಾಳಿ ಉಸಿರಿನಲ್ಲೇ ಮೈಯ ನೀರು ಕದಿಯುತ್ತದೆ. ನಾಲ್ಕನೆಯದು, ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜುವುದು ಅಥವಾ ಬೆಂಕಿಗೆ ಹಿಡಿಯುವುದು. ಎರಡೂ ಚರ್ಮ ಕೆಡಿಸುತ್ತವೆ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಬೆಳ್ಳಗೆ, ಮೇಣದಂತೆ ಗಟ್ಟಿಯಾಗಿದ್ದರೆ ವೈದ್ಯರಲ್ಲಿಗೆ ಹೋಗಿ.

ಹೋಗುವ ದಾರಿ

ಗುಲ್ಮರ್ಗ್‌ಗೆ ಜನವರಿ, ಫೆಬ್ರುವರಿ ಒಳ್ಳೆಯ ತಿಂಗಳು. ಬೆಂಗಳೂರು–ನವದೆಹಲಿ ಕರ್ನಾಟಕ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ, ಇಲ್ಲೇ ಹತ್ತಿದರೆ ದೆಹಲಿಯಲ್ಲಿ ಇಳಿಯಬಹುದು. ಅಲ್ಲಿಂದ ಕತ್ರಾ, ಕತ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ಚೆನಾಬ್ ಸೇತುವೆಯ ಮೇಲೆ ವಂದೇ ಭಾರತ್ ರೈಲು ಓಡುತ್ತಿದೆ. ಸೇಡಂ, ಚಿತ್ತಾಪುರದವರು ಅವಸರವಿದ್ದರೆ ರೈಲಿನಲ್ಲಿ ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯಬಹುದು. ಶ್ರೀನಗರದಿಂದ ಟಂಗ್‌ಮರ್ಗ್ ಮೂಲಕ ಗುಲ್ಮರ್ಗ್ ಸುಮಾರು 50 ಕಿಲೋಮೀಟರ್; ಕೊನೆಯ ಏರಿಗೆ ಹಿಮ ಬಿದ್ದಾಗ ಗಾಲಿಗೆ ಚೈನ್ ಕಟ್ಟಿದ ಗಾಡಿಯೇ ಬೇಕು. ಹೊರಡುವ ಮುನ್ನ ಅಲ್ಲಿನ ಆಡಳಿತದ ಪ್ರವಾಸಿ ಸೂಚನೆ ನೋಡಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಂಖ್ಯೆ ಇಟ್ಟುಕೊಂಡು, ಅದನ್ನು ಮನೆಯ ಹಿರಿಯರಿಗೆ ಬರೆದು ಕೊಟ್ಟು ಹೊರಡಿ. ವಾಪಸಾಗುವ ಟಿಕೆಟನ್ನು ಒಂದೆರಡು ದಿನ ತಡವಾಗಿಯೇ ತೆಗೆಸಿ: ಹಿಮ ಜೋರಾದರೆ ರಸ್ತೆ ಮುಚ್ಚುತ್ತದೆ, ಟಿಕೆಟ್ ತಪ್ಪುತ್ತದೆಂಬ ಅವಸರಕ್ಕೆ ಆ ರಸ್ತೆಗೆ ಇಳಿಯಬಾರದು.